ಬಿಸಿಲು ನೋಡಿ ಸುತ್ತಿದ ಅಹಮದಾಬಾದ್: ನನ್ನ ಅನುಭವ

ಎರಡು ಸಲ ಹೋಗಿ ಸೋತು ಬಂದಿದ್ದೆ. ಅದಕ್ಕೇ ಮೂರನೇ ಸಲ "ಎರಡೇ ದಿನ, ಕಾರು ಬೇಡ" ಅಂದಾಗ ಭಾವ ನಕ್ಕುಬಿಟ್ಟರು. "ಆ ಬಿಸಿಲಲ್ಲಿ ನಡ್ಕೊಂಡಾ? ಮಧ್ಯಾಹ್ನಕ್ಕೆ ರೂಮಲ್ಲಿ ಮಲಗಿರ್ತೀಯ, ನೋಡ್ತಿರು." ಈಗ ಅವರೇ ನನ್ನ ಪ್ಲಾನ್ ಕೇಳ್ತಿದ್ದಾರೆ.

ಮೊದಲ ಸಲ ಇಡೀ ದಿನಕ್ಕೆ ಟ್ಯಾಕ್ಸಿ ಮಾಡಿದ್ದೆ. ಸುಮಾರು 2,800 ರೂಪಾಯಿ ಹೋಯಿತು. ಹಳೇ ಊರಿನ ಪೋಳ್ ಅಂದರೆ ಗಲ್ಲಿಯೊಳಗೆ ಗಲ್ಲಿ, ಎದುರಿಗೆ ಸ್ಕೂಟರ್ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಕಾರು ಅಲ್ಲಿ ಏನು ಮಾಡುತ್ತೆ? ಪಾರ್ಕಿಂಗ್ ಹುಡುಕಾಟದಲ್ಲೇ ಒಂದು ಗಂಟೆ ಕಳೆಯಿತು. ಹಳೇ ಬಟ್ಟೆಗಳ ಕ್ಯಾಲಿಕೊ ಮ್ಯೂಸಿಯಂಗೆ ಮೊದಲೇ ಬುಕ್ ಮಾಡಿರಲಿಲ್ಲ, ಗೇಟ್ ನೋಡಿ ವಾಪಸ್. ಎರಡನೇ ಸಲ ಮ್ಯಾಪ್ ಹಿಡಿದು, ಹತ್ತಿರ ಇರೋದನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಮಧ್ಯಾಹ್ನ ಒಂದಕ್ಕೆ ರಿವರ್‌ಫ್ರಂಟ್, ಅಂದರೆ ಸಾಬರಮತಿ ನದಿ ದಡದ ನಡಿಗೆ ದಾರಿ, ಬಂತು. ಎಷ್ಟು ಉದ್ದಕ್ಕೆ ನೋಡಿದರೂ ಕಾಂಕ್ರೀಟ್, ನೆರಳಿಲ್ಲ. ಅವತ್ತು ನೀರಿನ ಬಾಟಲಿಗೇ 200 ರೂಪಾಯಿ ಸುರಿದೆ.

ಮೂರನೇ ಸಲ ಮ್ಯಾಪ್ ಬಿಟ್ಟು ಸೂರ್ಯನನ್ನು ಹಿಡಿದೆ.

ಬೆಳಗ್ಗೆ ಪೋಳ್. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿವರೆಗೆ ಗೈಡ್ ಕರೆದುಕೊಂಡು ಹೋಗುವ ಹೆರಿಟೇಜ್ ವಾಕ್ ಇದೆ. ಮೊದಲ ದಿನ ಅದರ ಜೊತೆ ಹೋದೆ. ಎರಡನೇ ದಿನ ಆರೂವರೆಗೆ ಎದ್ದು ಅದೇ ದಾರಿಯನ್ನು ಉಲ್ಟಾ ನಡೆದೆ. ಮಜಾ ಇದ್ದದ್ದು ಅಲ್ಲೇ. ಕೆತ್ತನೆಯ ಕಂಬದ ಮೇಲಿನ ಚಬೂತರಾದಲ್ಲಿ, ಅಂದರೆ ಹಕ್ಕಿಗಳಿಗೆ ಕಾಳು ಹಾಕುವ ಗೂಡಿನಲ್ಲಿ, ಪಾರಿವಾಳಗಳು ಕಾಳಿಗೆ ಜಗಳ ಆಡುತ್ತಿದ್ದವು. ಒಬ್ಬ ಅಜ್ಜಿ ಕರೆದು ಅಂಗಳದ ಮಧ್ಯದ ಟಾಂಕಾ ತೋರಿಸಿದರು, ಮಳೆನೀರು ತುಂಬಿಡುವ ನೆಲದಡಿಯ ತೊಟ್ಟಿ. ಮುಚ್ಚಳ ಎತ್ತಿದರೆ ಮುಖಕ್ಕೆ ತಣ್ಣನೆ ಗಾಳಿ. ಬಾಯಿಯ ಕಲ್ಲಿನಲ್ಲಿ ಹಗ್ಗ ತಿಕ್ಕಿ ತಿಕ್ಕಿ ಬೆರಳು ಕೂರುವಷ್ಟು ಕಚ್ಚು ಬಿದ್ದಿದೆ.

ಮಧ್ಯಾಹ್ನ ಅಡಾಲಜ್ ಮೆಟ್ಟಿಲು ಬಾವಿ. 1499ರದ್ದು, ಐದು ಅಂತಸ್ತು ಕೆಳಕ್ಕೆ. ಕೆಳಗಿಳಿದಷ್ಟೂ ತಂಪು, ಭಾವನ ಭವಿಷ್ಯ ಅಲ್ಲಿಗೇ ಸುಳ್ಳಾಯಿತು. ಕಾಯಿಸಿಕೊಂಡು ಹೋಗಿಬರಲು ಆಟೋಗೆ 600 ಕೊಟ್ಟ ನೆನಪು.

ನಾಲ್ಕರ ಮೇಲೆ ಸೀದಿ ಸೈಯದ್ ಮಸೀದಿ. 1573ರ ಅದರ ಜಾಲಿಯನ್ನು, ಅಂದರೆ ಮರದ ಚಿತ್ರ ಕೆತ್ತಿದ ಕಲ್ಲಿನ ಜಾಲರಿ ಕಿಟಕಿಯನ್ನು, ಎಲ್ಲರೂ ರಸ್ತೆಯಿಂದ ನೋಡಿ ಸೆಲ್ಫಿ ತೆಗೆದು ಹೊರಡುತ್ತಾರೆ. ಅದು ಇರೋದು ಪಶ್ಚಿಮದ ಗೋಡೆಯಲ್ಲಿ. ನಮಾಜ್ ಹೊತ್ತು ತಪ್ಪಿಸಿ ಒಳಗಿಂದ ನೋಡಿ. ಇಳಿಬಿಸಿಲು ಹಿಂದೆ ಬಂದಾಗ ಕಲ್ಲು ಕಪ್ಪಾಗಿ, ಕೊಂಬೆಗಳ ಸಂದು ಮಾತ್ರ ಉರಿಯುತ್ತದೆ. ಎಷ್ಟು ನಿಮಿಷಕ್ಕೆ, ಎಲ್ಲಿ ನಿಂತರೆ ಅಂತ ಮಾತ್ರ ಕೇಳಬೇಡಿ.

ಇನ್ನು ಬಟ್ಟೆ ಗಿರಣಿಗಳು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಶುರುಮಾಡಿದ ಮೊದಲ ಗಿರಣಿಯಿಂದ ಬೆಳೆದ ಊರಿದು, ಈಗ ಬಹುಪಾಲು ಮುಚ್ಚಿವೆ. ಸುಮ್ನೆ ಒಂದು ಪ್ರಯೋಗ ಮಾಡಿದೆ: ಮೆಟ್ರೊ ಹತ್ತಿ ಪೂರ್ವದ ಕಡೆ ಹೋಗಿ, ಕಿಟಕಿಯಿಂದ ಹಳೇ ಚಿಮಣಿ ಎಣಿಸೋದು. ಹೋಗುವಾಗ ಆರು ಸಿಕ್ಕವು, ಬರುವಾಗ ಎಂಟು. ಯಾವುದನ್ನು ಎರಡು ಸಲ ಎಣಿಸಿದೆನೋ! 20 ರೂಪಾಯಿ ಒಳಗೇ ಮುಗಿಯಿತು. ಅದೇ ಮೆಟ್ರೊದಲ್ಲಿ ಪಶ್ಚಿಮಕ್ಕೆ ಬಂದರೆ ಸೇತುವೆ ಮೇಲೆ ಸಾಬರಮತಿ ದಾಟುತ್ತೀರಿ.

ಗಿರಣಿ ಮಾಲೀಕರ ಸಂಘಕ್ಕೆ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಕಟ್ಟಿಕೊಟ್ಟ ಕಟ್ಟಡ ಆಶ್ರಮ ರಸ್ತೆಯಲ್ಲಿದೆ. ಹಿಂದಿನ ಸಲ ಭಾನುವಾರ ಹೋಗಿ ಬೀಗ ನೋಡಿದ್ದೆ. ಈ ಸಲ ಸೋಮವಾರ ಕೇಳಿಕೊಂಡೆ, ಬಿಟ್ಟರು. ನದಿ ಮರಳಲ್ಲಿ ಬಟ್ಟೆ ಒಗೆದು ಒಣಗಿಸೋದು ಮಾಲೀಕರಿಗೆ ಕಾಣಲಿ ಅಂತ ನದಿಯ ಕಡೆಗೆ ತೆರೆದಿಟ್ಟಿದ್ದಾನೆ. ಈಗ ಮರಳೂ ಇಲ್ಲ, ಬಟ್ಟೆಯೂ ಇಲ್ಲ, ನರ್ಮದಾ ಕಾಲುವೆಯ ನೀರು ತುಂಬಿ ನಿಂತಿದೆ. ಅಲ್ಲಿಂದ ಸಂಜೆ ಸಾಬರಮತಿ ಆಶ್ರಮ, ಅಲ್ಲಿ ಗಾಂಧೀಜಿ ಇದ್ದ ಮನೆ ಹೃದಯಕುಂಜದ ಜಗಲಿ. ಅಲ್ಲಿ ಪ್ಲಾನ್ ಏನೂ ಬೇಡ, ಕೂತರೆ ಸಾಕು.

ರೂಮು ಬಿಟ್ಟು ಎರಡು ದಿನಕ್ಕೆ ಓಡಾಟ, ಊಟ ಎಲ್ಲ ಸೇರಿ 2,500 ದಾಟಲಿಲ್ಲ. ಒಂದು ಪೋಳ್ ಮನೆಯ ಮಾಳಿಗೆ ಹತ್ತಿದರೆ ಇಡೀ ಹಳೇ ಊರು ಕಾಣುತ್ತೆ. ಯಾವ ಮನೆ ಅಂತ ಭಾವನಿಗೂ ಹೇಳಿಲ್ಲ.