ನೇತ್ರಾಣಿಗೆ ಹೋಗುವ ಡೈವರ್‌ಗಳ ಗಮನಕ್ಕೆ: ನೀರಿಗಿಳಿಯುವ ಮುನ್ನ ಉಪಕರಣ ಪರೀಕ್ಷೆ

ಮಳೆಗಾಲ ಕಳೆದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಹೊರಡುವ ಸದಸ್ಯರು, ಬಾಡಿಗೆಯ ಉಪಕರಣಗಳನ್ನು ತಾವೇ ಪರೀಕ್ಷಿಸಿಕೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಸಿಲಿಂಡರಿನ ವಾಲ್ವ್ ತೆರೆದ ಬಳಿಕ ಒತ್ತಡ ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು ನಾಲ್ಕೈದು ಬಾರಿ ದೀರ್ಘವಾಗಿ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಮೇಲೇರುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲದಿರುವ ಸಾಧ್ಯತೆಯೇ ಹೆಚ್ಚು. 20 ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ಮೇಲ್ಮೈಗಿಂತ ಮೂರು ಪಟ್ಟು ಗಾಳಿ ಬೇಕಾಗುವುದರಿಂದ, ದೋಣಿಯಲ್ಲಿ ಸಣ್ಣದಾಗಿ ಕಂಡ ಈ ದೋಷ ಅಲ್ಲಿ ಉಸಿರನ್ನೇ ಕಟ್ಟಿಸಬಲ್ಲದು. ಆಕ್ಟೋಪಸ್ ಎಂದು ಕರೆಯುವ, ಸಾಮಾನ್ಯವಾಗಿ ಹಳದಿ ಬಣ್ಣದ ಎರಡನೆಯ ಬಾಯಿತುಂಡಿನಿಂದಲೂ ಹೀಗೆಯೇ ಉಸಿರಾಡಿ ನೋಡಿ.

ಆದರೆ ಆಕ್ಟೋಪಸ್ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಎರಡೂ ಬಾಯಿತುಂಡುಗಳಿಗೆ ಗಾಳಿ ಬರುವುದು ಒಂದೇ ಸಿಲಿಂಡರಿನಿಂದ, ಸಿಲಿಂಡರಿನ ಅಧಿಕ ಒತ್ತಡವನ್ನು ತಗ್ಗಿಸುವ ಒಂದೇ ಫಸ್ಟ್ ಸ್ಟೇಜ್ ಮೂಲಕ. ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ಈ ಸಾಧನ, ಅಂದರೆ ರೆಗ್ಯುಲೇಟರ್, ಕೆಟ್ಟಾಗ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಒಂದೇ ಸಮನೆ ಹೊರನುಗ್ಗುತ್ತದೆ. ಅದರಿಂದ ಉಸಿರಾಡಬಹುದಾದರೂ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ಪ್ರತ್ಯೇಕ ಪೋನಿ ಸಿಲಿಂಡರ್ (ತುರ್ತಿಗೆಂದು ಒಯ್ಯುವ ಸಣ್ಣ ಸಿಲಿಂಡರ್) ಇಲ್ಲದ ನಮ್ಮಂಥವರಿಗೆ ನಿಜವಾದ ಬದಲಿ ವ್ಯವಸ್ಥೆಯೆಂದರೆ ಜೊತೆಗಾರನ ಗಾಳಿಯೇ. ಫೋಟೋ ತೆಗೆಯುವ ಭರದಲ್ಲಿಯೂ ಅವರಿಂದ ದೂರ ಸರಿಯಬೇಡಿ, ಅವರ ಆಕ್ಟೋಪಸ್ ಎಲ್ಲಿ ಸಿಕ್ಕಿಸಿದೆ ಎಂಬುದನ್ನು ದೋಣಿಯಲ್ಲಿಯೇ ಕೈಯಿಂದ ಮುಟ್ಟಿ ತಿಳಿದುಕೊಳ್ಳಿ.