ನನ್ನ ಅನುಭವ: ಹಳೆಯ ಜೀಪಿಗೆ ಬ್ಲೇಡ್ ಸೆಟ್ ಆರಿಸಿದ್ದು

ಮೂಡಿಗೆರೆಯ ಬಳಿ ನಮ್ಮ ಕಾಫಿ ತೋಟದಲ್ಲಿರುವ ಜೀಪು 1967ರಲ್ಲಿ ನೋಂದಣಿಯಾದ ಮಹೀಂದ್ರ ಸಿಜೆ 3ಬಿ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ ಇದು; ಎತ್ತರದ ಹರಿಕೇನ್ ಎಂಜಿನ್ ಹಿಡಿಸುವುದಕ್ಕಾಗಿಯೇ ಇದರ ಬಾನೆಟ್ಟನ್ನು ಹಿಂದಿನ ಮಾದರಿಗಳಿಗಿಂತ ಮೇಲಕ್ಕೆತ್ತಿದ್ದರು. ಮಲೆನಾಡಿನ ಅನೇಕ ಜೀಪುಗಳಂತೆ ನಮ್ಮದರಲ್ಲೂ ಆ ಪೆಟ್ರೋಲ್ ಎಂಜಿನ್ ಈಗಿಲ್ಲ. ತಂದೆಯವರ ಕಾಲದಲ್ಲೇ ಅದನ್ನು ಇಳಿಸಿ ಭಾರವಾದ ಡೀಸೆಲ್ ಎಂಜಿನ್ ಕೂರಿಸಲಾಗಿತ್ತು, ಆದರೆ ಕೆಳಗೆ ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳಾದ ಬ್ಲೇಡ್ ಸೆಟ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಗೊಬ್ಬರದ ಚೀಲ ಹೇರಿಕೊಂಡು ತೋಟದ ಏರು ಹತ್ತುತ್ತಿದ್ದಾಗ ಹಿಂದಿನ ಬಲಗಡೆಯ ಮೇನ್ ಬ್ಲೇಡು, ಎಂದರೆ ಎಲ್ಲಕ್ಕಿಂತ ಮೇಲಿನ ಉದ್ದದ ಪಟ್ಟಿ, ತುದಿಯ ಸುರುಳಿಯಾದ ಕಣ್ಣಿನ ಬುಡದಲ್ಲೇ ತುಂಡಾಯಿತು. ಅದರ ಕೆಳಗಿನ ಎರಡನೆಯ ಬ್ಲೇಡಿನ ತುದಿ ಕಣ್ಣನ್ನು ಅರ್ಧ ಸುತ್ತಿಕೊಂಡಿದ್ದುದರಿಂದ ಆಕ್ಸಲ್ ಕಳಚಿಕೊಳ್ಳದೆ ಉಳಿಯಿತು. ಹೊಸದನ್ನು ಕೊಳ್ಳುವಾಗ ಆ ಸುತ್ತು ಇರಲೇಬೇಕೆಂದು ಅಂದೇ ತೀರ್ಮಾನಿಸಿದೆ.

ಆದರೆ ಮೊದಲ ಸಲ ನಾನು ಆರಿಸಿದ್ದು ತಪ್ಪು ಸೆಟ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಿಂದಿನ ಚಕ್ರಗಳಿಗೆ ಸಿದ್ಧ ಜೋಡಿ ಸಿಕ್ಕಿತು. ಉದ್ದ 42 ಇಂಚು, ಅಗಲ 1.75 ಇಂಚು, ಕಣ್ಣಿನೊಳಗೆ ಕೂರುವ ಬುಶ್ಶಿನ ಅಳತೆ, ಬ್ಲೇಡುಗಳನ್ನು ನಡುವೆ ಬಂಧಿಸುವ ಸೆಂಟರ್ ಬೋಲ್ಟಿನಿಂದ ಎರಡೂ ಕಣ್ಣುಗಳಿಗಿರುವ ದೂರ, ಎಲ್ಲವೂ ಹಳೆಯದಕ್ಕೆ ಸರಿಹೊಂದಿದವು. ನನ್ನ ಹಳೆಯ ಸೆಟ್‌ನಲ್ಲಿ ಒಂಬತ್ತು ಬ್ಲೇಡುಗಳಿದ್ದರೆ ಇದರಲ್ಲಿ ಏಳೇ ಇದ್ದವು. "ಎರಡು ಕಮ್ಮಿ ಇದೆಯಲ್ಲ ಸಾರ್, ಮೆತ್ತಗೆ ಓಡುತ್ತೆ" ಎಂದು ಅಂಗಡಿಯವರು ಹೇಳಿದ ಮಾತು ನನಗೂ ನ್ಯಾಯವಾಗಿಯೇ ಕಂಡಿತು. ಬ್ಲೇಡಿನ ದಪ್ಪವನ್ನು ಮಾತ್ರ ನಾನು ಅಳೆಯಲಿಲ್ಲ.

ಜೋಡಿಸಿದ ಮೇಲೆ ಜೀಪಿನ ಹಿಂಭಾಗ ಎತ್ತರಕ್ಕೆ ನಿಂತು ನೋಡುವುದಕ್ಕೆ ಠೀವಿಯಾಗಿತ್ತು. ಖಾಲಿ ಓಡಿಸಿದರೆ ಪ್ರತಿ ಗುಂಡಿಗೂ ಹಿಂದಿನಿಂದ ಒದೆಯುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು, ಸಹಿಸಲಾಗದ್ದು ಕೆಸರಿನ ದಾರಿಯಲ್ಲಿ ಅದರ ನಡವಳಿಕೆ. ಹಳ್ಳ ದಾಟುವಾಗ ಬ್ಲೇಡುಗಳು ಬಾಗದೆ ಒಂದು ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತಿತ್ತು, ಎರಡು ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಶಿಯಲ್‌ಗೆ ಲಾಕ್ ಇಲ್ಲದ್ದರಿಂದ ಗಾಳಿಯಲ್ಲಿದ್ದ ಚಕ್ರವೇ ಗಿರ್ರನೆ ತಿರುಗಿ ಜೀಪು ಇದ್ದಲ್ಲೇ ನಿಲ್ಲುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 80 ಇಂಚು ಮಾತ್ರವಿರುವ ಗಾಡಿಯಲ್ಲಿ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಮೊದಲೇ ಗಿಡ್ಡ; ಎತ್ತರ ಹೆಚ್ಚಿದಾಗ ಅದರ ಕೋನ ಕಡಿದಾಗಿ, ಡಾಂಬರು ರಸ್ತೆಯಲ್ಲಿ ವೇಗ ಹೆಚ್ಚಿದಂತೆಲ್ಲ ನೆಲದ ತಗಡು ನಡುಗತೊಡಗಿತು.

ಹಾಸನದಲ್ಲಿ ಲಾರಿಗಳಿಗೆ ಬ್ಲೇಡ್ ಸೆಟ್ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಕೊನೆಗೆ ಜೀಪನ್ನು ಒಯ್ದೆ. ಅವರು ಬಗ್ಗಿ ನೋಡಿ, ದಪ್ಪ ಅಳೆಯುವ ವರ್ನಿಯರನ್ನು ನನ್ನ ಕೈಗಿತ್ತು, "ನೀವೇ ಹಿಡಿದು ನೋಡಿ ಸಾರ್" ಎಂದರು. ಹಳೆಯ ಬ್ಲೇಡು 5 ಮಿ.ಮೀ., ಹೊಸದು 7 ಮಿ.ಮೀ. ಬ್ಲೇಡಿನ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಐದರ ಘನ 125. ಒಂಬತ್ತು ಬ್ಲೇಡಿಗೆ 1125. ಏಳರ ಘನ 343. ಏಳು ಬ್ಲೇಡಿಗೆ 2401. ಎರಡು ಬ್ಲೇಡು ಕಡಿಮೆಯಿದ್ದ ಸೆಟ್ ಎರಡು ಪಟ್ಟಿಗಿಂತ ಹೆಚ್ಚು ಬಿಗಿಯಾಗಿತ್ತು! ಸಾಲದ್ದಕ್ಕೆ, ಒಂದೇ ಪ್ರಮಾಣದಲ್ಲಿ ಬಾಗಿಸಿದರೆ ದಪ್ಪ ಬ್ಲೇಡಿನ ಮೈಮೇಲೆ ಬೀಳುವ ಎಳೆತ ತೆಳು ಬ್ಲೇಡಿಗಿಂತ ಹೆಚ್ಚು. ಒಂಬತ್ತು ತೆಳು ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿದ ಹಳೆಯ ಎಂಜಿನಿಯರರು ಕಬ್ಬಿಣ ದಂಡ ಮಾಡಿದವರಲ್ಲ ಎಂಬುದು ನನಗೆ ಆಗ ಹೊಳೆಯಿತು.

ಅಲ್ಲಿಂದ ಮುಂದೆ ಅಂದಾಜನ್ನು ಬಿಟ್ಟು ತೂಕದ ದಾರಿ ಹಿಡಿದೆ. ಪೇಟೆಯ ವೇ ಬ್ರಿಡ್ಜ್‌ನಲ್ಲಿ ಮೊದಲು ಇಡೀ ಜೀಪನ್ನು, ಅನಂತರ ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲಿಟ್ಟು ತೂಗಿಸಿದೆ. ಒಟ್ಟು 1220 ಕಿಲೊ, ಅದರಲ್ಲಿ ಮುಂದೆ 660. ಆಕ್ಸಲ್ ಮತ್ತು ಚಕ್ರಗಳ ಭಾರ ಬ್ಲೇಡುಗಳ ಮೇಲೆ ಬೀಳುವುದಿಲ್ಲವಾದ್ದರಿಂದ ಅದನ್ನು ಕಳೆಯಬೇಕು. ಮುಂದೆ 140, ಹಿಂದೆ 120 ಕಿಲೊ ಎಂದು ಹಿಡಿದಾಗ ಮುಂದಿನ ಒಂದೊಂದು ಸೆಟ್‌ಗೆ 260, ಹಿಂದಿನದಕ್ಕೆ 220 ಕಿಲೊ ಉಳಿಯಿತು. ಹಿಂದಿನ ಭಾರ ಮೂಲ ಜೀಪಿಗಿಂತ ಬಹಳ ಬೇರೆಯಾಗಿರಲಿಲ್ಲ. ಡೀಸೆಲ್ ಎಂಜಿನ್ ಹೊತ್ತ ಮುಂಭಾಗಕ್ಕೆ ಸುಮಾರು ಐದನೇ ಒಂದು ಭಾಗ ಹೆಚ್ಚು ಬಿಗಿ ಬೇಕಾಗುತ್ತದೆ ಎಂಬುದು ಮೇಸ್ತ್ರಿಯವರ ಮತ್ತು ನನ್ನ ಲೆಕ್ಕ ಎರಡರಿಂದಲೂ ಬಂತು.

ಹಳೆಯ ಬ್ಲೇಡುಗಳನ್ನೇ ಮತ್ತೆ ಬಾಗಿಸಿ ಹಾಕುವ ಅಗ್ಗದ ದಾರಿಯೂ ಇತ್ತು. ಕಾಯಿಸಿ ಬಾಗಿಸಿದ ಉಕ್ಕನ್ನು ಎಣ್ಣೆಯಲ್ಲಿ ತಣಿಸಿ ಮತ್ತೆ ಹದಕ್ಕೆ ತರದಿದ್ದರೆ ಅದು ಕೆಲವೇ ತಿಂಗಳಲ್ಲಿ ಬಾಗು ಕಳೆದುಕೊಂಡು ಮಲಗಿಬಿಡುತ್ತದೆ. ಅಲ್ಲದೆ ನನ್ನ ಬ್ಲೇಡುಗಳನ್ನು ಬಿಡಿಸಿ ತಂತಿ ಬ್ರಶ್ಶಿನಿಂದ ಉಜ್ಜಿದಾಗ ತುದಿಗಳು ಒತ್ತುವ ಜಾಗದಲ್ಲೆಲ್ಲ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ತುಕ್ಕಿನ ಕುಳಿಗಳಿದ್ದವು. ಬಿರುಕು ಹುಟ್ಟುವುದು ಅಂಥ ಕುಳಿಯಲ್ಲೇ. ಆದ್ದರಿಂದ ಎಲ್ಲವನ್ನೂ ಹೊಸ ಸಿಲಿಕಾನ್ ಮ್ಯಾಂಗನೀಸ್ ಸ್ಪ್ರಿಂಗ್ ಉಕ್ಕಿನಲ್ಲಿ ಮಾಡಿಸಿದೆ. ಹಿಂದಕ್ಕೆ ಮೂಲದಂತೆಯೇ 5 ಮಿ.ಮೀ. ದಪ್ಪದ ಒಂಬತ್ತು. ಮುಂದಿನ 36.25 ಇಂಚಿನ ಸೆಟ್‌ನ ಹತ್ತು ಬ್ಲೇಡುಗಳಲ್ಲಿ ನಡುವಿನ ಮೂರನ್ನು ಮಾತ್ರ 6 ಮಿ.ಮೀ. ಮಾಡಿಸಿದೆ, ಮೇನ್ ಬ್ಲೇಡು ಹಳೆಯ ದಪ್ಪದಲ್ಲೇ ಉಳಿಯಿತು. ಘನದ ಲೆಕ್ಕದಲ್ಲಿ 1250 ಇದ್ದದ್ದು 1523 ಆಯಿತು, ಎಂದರೆ ನೂರಕ್ಕೆ ಇಪ್ಪತ್ತೆರಡು ಹೆಚ್ಚು, ನನಗೆ ಬೇಕಾದಷ್ಟೇ. ಬ್ಲೇಡುಗಳ ನಡುವೆ ಗ್ರ್ಯಾಫೈಟ್ ಬಳಿದೆವು. ಬ್ಲೇಡುಗಳು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಕ್ಲಿಪ್ಪುಗಳನ್ನು ಬ್ಲೇಡಿನ ಅಂಚಿಗೆ ತಾಗದಷ್ಟು ಸಡಿಲವಾಗಿ ಬಿಟ್ಟೆವು, ಏಕೆಂದರೆ ಅವು ಅಂಚನ್ನು ಅದುಮಿದರೆ ಬ್ಲೇಡುಗಳು ಒಂದರ ಮೇಲೊಂದು ಜಾರುವುದೇ ಇಲ್ಲ.

ಪರೀಕ್ಷೆಗೆ ಸಮತಟ್ಟಾದ ಕಾಫಿ ಕಣವೇ ಸಾಕಾಯಿತು. ಹಿಂದಿನ ಆಕ್ಸಲ್ಲಿನಿಂದ ಮೇಲಿನ ರಬ್ಬರ್ ದಿಂಡಿನವರೆಗೆ ಟೇಪು ಹಿಡಿದು ಅಳೆದು, ಆಕ್ಸಲ್ಲಿನ ನೇರಕ್ಕೆ ಐವತ್ತು ಕಿಲೊದ ನಾಲ್ಕು ಚೀಲ ಹೇರಿ ಮತ್ತೆ ಅಳೆಯುವುದು. ಬ್ಲೇಡುಗಳ ನಡುವಿನ ಉಜ್ಜಾಟ ಅಳತೆಯನ್ನು ಕೆಡಿಸುತ್ತದೆಯಾದ್ದರಿಂದ ಪ್ರತಿ ಸಲವೂ ಜೀಪನ್ನು ಒಮ್ಮೆ ಕೆಳಕ್ಕೆ ಒತ್ತಿ ಬಿಟ್ಟು, ಒಮ್ಮೆ ಮೇಲಕ್ಕೆತ್ತಿ ಬಿಟ್ಟು, ಎರಡರ ಸರಾಸರಿ ತೆಗೆದುಕೊಂಡೆ. ಅಂಗಡಿಯ ಸೆಟ್ ಈ ಭಾರಕ್ಕೆ ಇಳಿದಿದ್ದು 14 ಮಿ.ಮೀ.; ಹೊಸದು ಇಳಿದದ್ದು 30. ಹಳ್ಳದಲ್ಲಿ ಈಗ ನಾಲ್ಕೂ ಚಕ್ರ ನೆಲ ಹಿಡಿಯುತ್ತವೆ. ಗೊಬ್ಬರ ತುಂಬಾ ಹೇರಿದರೆ ಹಿಂಭಾಗ ತಗ್ಗುವುದು ನಿಜ, ಅಂಥ ದಿನ ಎರಡು ಸಲ ಹೋಗಿಬರುತ್ತೇನೆ.

ಹೊಸ ಬ್ಲೇಡುಗಳು ಮೊದಲ ತಿಂಗಳುಗಳಲ್ಲಿ ಸ್ವಲ್ಪ ಕುಸಿಯುತ್ತವೆ ಎಂದು ಮೇಸ್ತ್ರಿಯವರು ಬ್ಲೇಡಿನ ಬಾಗನ್ನು, ಎಂದರೆ ಕಮಾನನ್ನು, 10 ಮಿ.ಮೀ. ಹೆಚ್ಚಿಟ್ಟೇ ಕೊಟ್ಟಿದ್ದರು, 500 ಕಿ.ಮೀ. ಓಡಿಸಿ ಸೆಟ್ಟನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿದಾಗ ಪ್ರತಿಯೊಂದೂ ಕಾಲು ಸುತ್ತು ತಿರುಗಿತು. ಈ ಜೀಪಿನಲ್ಲಿ ಇಂಧನದ ಟ್ಯಾಂಕು ಚಾಲಕನ ಆಸನದ ಅಡಿಯಲ್ಲೇ ಇರುವುದರಿಂದ ಬಲಗಡೆ ಸದಾ ತುಸು ತಗ್ಗುತ್ತದೆ. ಅದಕ್ಕಾಗಿ ಬಲಗಡೆಯ ಸೆಟ್‌ಗಳಿಗೆ 8 ಮಿ.ಮೀ. ಹೆಚ್ಚು ಕಮಾನು ಕೊಡಿಸಿದ್ದೆ. ಮನೆಗೆ ತಂದು ನಾನೇ ಜೋಡಿಸುವಾಗ ಹಿಂದಿನ ಎಡ, ಬಲ ಅದಲುಬದಲಾಗಿ, ಹಳೆಯದಕ್ಕಿಂತ ಹೆಚ್ಚು ವಾಲಿಕೊಂಡು ನಿಂತ ಜೀಪನ್ನು ನೋಡಿ ತೋಟದ ಆಳುಗಳೆಲ್ಲ ನಕ್ಕರು. ಮರುದಿನ ಎರಡನ್ನೂ ಬಿಚ್ಚಿ, ಬಲಗಡೆಯದಕ್ಕೆ ಕಣ್ಣಿಗೆ ಕಾಣುವಂತೆ ಕೆಂಪು ಬಣ್ಣದ ಎರಡು ಪಟ್ಟೆ ಬಳಿದು, ಸರಿಯಾದ ಜಾಗಕ್ಕೆ ಸೇರಿಸಿದೆ.