ಮೀನಿನ ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸುವ ಕ್ರಮ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟಿನಿಂದ ಟೆಂಪೋದಲ್ಲಿ ಬಂದಿಳಿಯುವ ಖಾಲಿ ಗಾಜಿನ ತೊಟ್ಟಿಯನ್ನು ಇಬ್ಬರು ಹಿಡಿದು ಎತ್ತಬಹುದು. ನೀರು ತುಂಬಿದ ಮೇಲೆ ಅದನ್ನು ಒಂದು ಬೆರಳಗಲ ಸರಿಸುವುದೂ ಆಗದ ಮಾತು. ಆದ್ದರಿಂದ ಸ್ಟ್ಯಾಂಡಿನ ಕೆಲಸವೆಲ್ಲ ತೊಟ್ಟಿ ಖಾಲಿ ಇರುವಾಗಲೇ ಮುಗಿಯಬೇಕು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಂಚಿನವರೆಗೆ ತುಂಬಿದರೆ ಅದು ಸುಮಾರು 190 ಲೀಟರ್, ಅಂದರೆ 190 ಕಿಲೋ ನೀರು ಹಿಡಿಯುತ್ತದೆ. 8 ಮಿಲಿಮೀಟರ್ ದಪ್ಪದ ಗಾಜೇ 33 ಕಿಲೋ ತೂಗುತ್ತದೆ. ನೀರನ್ನು ಸ್ವಲ್ಪ ಕೆಳಗೇ ನಿಲ್ಲಿಸಿ, ತಳಕ್ಕೆ 2 ಅಂಗುಲ ಮರಳು ಹಾಸಿದರೂ ಒಟ್ಟು ತೂಕ 240 ಕಿಲೋ ಸಮೀಪಕ್ಕೆ ಬರುತ್ತದೆ.

ಇಷ್ಟು ತೂಕ ಗಾಜಿಗೆ ದೊಡ್ಡದಲ್ಲ. ತಳದ ಎಲ್ಲ ಭಾಗಕ್ಕೂ ಆಸರೆ ಸಮನಾಗಿ ಸಿಕ್ಕರೆ ಅದು ವರ್ಷಗಟ್ಟಲೆ ಹೊರುತ್ತದೆ; ಒಂದೇ ಚುಕ್ಕೆಯ ಮೇಲೆ ಭಾರ ಬಿದ್ದರೆ ಒಂದು ರಾತ್ರಿಯನ್ನೂ ತಾಳದೆ ಇರಬಹುದು. ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನಿಟ್ಟ ಮೊದಲ ತೊಟ್ಟಿ ಹಾಗೆಯೇ ಹೋಯಿತು. ಆಂಗಲ್ ಕಬ್ಬಿಣದ (L ಆಕಾರದ ಪಟ್ಟಿಯ) ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ವೆಲ್ಡಿಂಗಿನ ಗಂಟು, ಹೆಸರುಕಾಳಿಗಿಂತ ಚಿಕ್ಕದು, ಕಪ್ಪು ಬಣ್ಣದ ಅಡಿಯಲ್ಲಿ ಕಣ್ಣಿಗೆ ಬೀಳದೆ ಉಳಿದಿತ್ತು. ಮೂರನೆಯ ರಾತ್ರಿ ಟಪ್ಪೆಂಬ ಸದ್ದಾಗಿ ಎದ್ದು ನೋಡಿದರೆ, ಬಿರುಕು ಸರಿಯಾಗಿ ಆ ಮೂಲೆಯಿಂದಲೇ ಹೊರಟು ತಳವನ್ನು ಓರೆಯಾಗಿ ಸೀಳಿತ್ತು. ಕೆಳಗಿನ ಮನೆಯವರ ಛಾವಣಿಗೆ ಬಣ್ಣ ಹೊಡೆಸಿಕೊಟ್ಟದ್ದು ಬೇರೆಯ ಲೆಕ್ಕ. ಅಂದಿನಿಂದ ನಾನು ಕಬ್ಬಿಣದ ಸ್ಟ್ಯಾಂಡ್ ಕಂಡರೆ ಮೊದಲು ಉಗುರಿನಿಂದ ಅದರ ನಾಲ್ಕೂ ಮೂಲೆಗಳನ್ನು ಸವರುತ್ತೇನೆ. ಉಗುರಿಗೆ ತಡೆದದ್ದನ್ನೆಲ್ಲ ಗ್ರೈಂಡರ್ ಹಿಡಿಸಿ ಸಮ ಮಾಡಿಸಿಯೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಸಬೇಕು. ಇಲ್ಲಿಯ ಉಪ್ಪುಗಾಳಿಗೆ ಬಣ್ಣವಿಲ್ಲದ ಕಬ್ಬಿಣ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ.

ಕಬ್ಬಿಣದ ಚೌಕಟ್ಟಿನ ಮೇಲೆ ತೊಟ್ಟಿಯನ್ನು ನೇರವಾಗಿ ಇಡಬಾರದು. ಅದರ ಮೇಲೆ 18 ಮಿಲಿಮೀಟರ್ ದಪ್ಪದ, ನೀರಿಗೆ ಜಗ್ಗದ ಮರೀನ್ ಪ್ಲೈವುಡ್ ಹಲಗೆ ಹಾಕಬೇಕು. ಹಲಗೆಯ ಮೇಲೆ ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಎಂಬ ಮುದ್ರೆ ಇದೆಯೇ ಎಂದು ನೋಡಿ ಕೊಳ್ಳಿ. ಹಲಗೆ ತೊಟ್ಟಿಯಷ್ಟೇ ಅಥವಾ ಅದಕ್ಕಿಂತ ತುಸು ದೊಡ್ಡದಾಗಿರಲಿ, ಏಕೆಂದರೆ ಗಾಜಿನ ಯಾವ ಅಂಚೂ ಆಸರೆಯಿಂದ ಹೊರಗೆ ಚಾಚಬಾರದು. ಮರದ ಸ್ಟ್ಯಾಂಡ್ ಮಾಡಿಸುವುದಾದರೆ ಬಡಗಿಗೆ ಎರಡು ಮಾತು ಹೇಳಿದರೆ ಸಾಕು: ಮೇಲಿನ ಹಲಗೆ ನಿಲುವು ಹಲಗೆಗಳ ತಲೆಯ ಮೇಲೆ ಕೂರಬೇಕು, ಭಾರ ಸ್ಕ್ರೂಗಳ ಮೇಲೆ ನೇತಾಡಬಾರದು, ಮತ್ತು ಹಿಂಬದಿಗೆ ಒಂದು ಪೂರ್ತಿ ಹಲಗೆ ಜಡಿಯಬೇಕು, ಇಲ್ಲದಿದ್ದರೆ ಸ್ಟ್ಯಾಂಡ್ ಪಕ್ಕಕ್ಕೆ ತೂಗುತ್ತದೆ. ಮರದ ನಾರು, ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನ ಟಿವಿ ಯೂನಿಟ್ ಮೇಲೆ ತೊಟ್ಟಿ ಇಡುವವರನ್ನು ನಾನು ಕಂಡಿದ್ದೇನೆ. ಮುಂಬಯಿಯ ತೇವಕ್ಕೂ ನೀರು ಬದಲಿಸುವಾಗ ಚೆಲ್ಲುವ ಹನಿಗಳಿಗೂ ಅದರ ಅಂಚು ಬಿಸ್ಕತ್ತಿನಂತೆ ಉಬ್ಬಿ, ಒಳಗಿನ ಬಲ ಹೋಗುತ್ತದೆ.

ಇನ್ನು ಮಟ್ಟದ ವಿಚಾರ. ಓರೆ ಬೇರೆ, ತಿರುಚು ಬೇರೆ ಎಂಬುದನ್ನು ಇಲ್ಲಿ ತಿಳಿದಿರಬೇಕು. ಸ್ಟ್ಯಾಂಡ್ ಒಂದು ಕಡೆಗೆ ಪೂರ್ತಿಯಾಗಿ ವಾಲಿದ್ದರೆ ಅದು ಓರೆ. ಆಗ ತಗ್ಗಿನ ಕಡೆ ನೀರಿನ ಆಳವೂ ಒತ್ತಡವೂ ತುಸು ಹೆಚ್ಚುತ್ತವೆ, ಮೂರಡಿಗೆ ಎರಡು ಮಿಲಿಮೀಟರಿನಷ್ಟಾದರೆ ತೊಟ್ಟಿ ಸಹಿಸಿಕೊಳ್ಳುತ್ತದೆ. ಮೂರು ಮೂಲೆಗಳು ಒಂದು ಮಟ್ಟದಲ್ಲಿದ್ದು ನಾಲ್ಕನೆಯದು ತಗ್ಗಿದ್ದರೆ ಅದು ತಿರುಚು; ನೀರು ತುಂಬಿದಂತೆ ಗಾಜು ಆ ಮೂಲೆಯ ಕಡೆಗೆ ಬಗ್ಗಲು ನೋಡುತ್ತದೆ, ಸಿಲಿಕೋನ್ ಬೆಸುಗೆ ಎಳೆತಕ್ಕೆ ಸಿಗುತ್ತದೆ. ತಿರುಚನ್ನು ಒಂದು ಮಿಲಿಮೀಟರಿನಷ್ಟೂ ಬಿಡಬೇಡಿ. ಅದನ್ನು ಕಂಡುಹಿಡಿಯಲು ಎರಡು ದಾರಗಳು ಸಾಕು. ಹಲಗೆಯ ಎದುರುಬದುರು ಮೂಲೆಗಳಿಂದ ಅಡ್ಡಡ್ಡಲಾಗಿ ಎರಡನ್ನೂ ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ಅವು ಒಂದನ್ನೊಂದು ಬರೀ ಸೋಕಬೇಕು. ಅಂತರ ಕಂಡರೆ ತಿರುಚಿದೆ. ಮೇಲಿನ ದಾರ ಕೆಳಗಿನದನ್ನು ಒತ್ತಿ ಮೋಸ ಮಾಡುವುದುಂಟು, ಆದ್ದರಿಂದ ಮೇಲಿನದನ್ನು ಕೆಳಗೆ ಮಾಡಿ ಇನ್ನೊಮ್ಮೆ ನೋಡಿ. ಆಮೇಲೆ ಗಾರೆಯವರ ರಸಮಟ್ಟವನ್ನು ಉದ್ದಕ್ಕೂ ಅಗಲಕ್ಕೂ ಇಟ್ಟು ಓರೆಯನ್ನು ಪರೀಕ್ಷಿಸಿ.

ತಿದ್ದುವುದೇನಿದ್ದರೂ ಸ್ಟ್ಯಾಂಡಿನ ಕಾಲಿನ ಕೆಳಗೇ ತಿದ್ದಬೇಕು. ತೊಟ್ಟಿಗೂ ಹಲಗೆಗೂ ನಡುವೆ ರಟ್ಟು, ಲ್ಯಾಮಿನೇಟ್ ಚೂರು ತುರುಕುವುದೆಂದರೆ ನಮ್ಮ ಕೈಯಾರೆ ಆ ವೆಲ್ಡಿಂಗ್ ಗಂಟನ್ನು ಮತ್ತೆ ಮಾಡಿಟ್ಟಂತೆ. ಕಾಲಿನ ಕೆಳಗೆ ಅಗಲವಾದ ಕಬ್ಬಿಣದ ತಗಡು ಅಥವಾ ಗಟ್ಟಿ ರಬ್ಬರ್ ಕೊಡಿ. ತೆರೆದ ಆಂಗಲ್ ಕಾಲು ಟೈಲ್ಸಿನ ಮೇಲೆ ಚಾಕುವಿನಂತೆ ಕೂರುತ್ತದೆ, ಟೈಲ್ಸಿನ ಅಡಿ ಟೊಳ್ಳಿದ್ದರೆ ಒಡೆದು ಮತ್ತೆ ಮಟ್ಟ ತಪ್ಪುತ್ತದೆ.

ಮಟ್ಟವಾದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಮರಳಿನ ಕಾಳೂ ಉಳಿಯದಂತೆ ನೋಡಿಕೊಂಡು, ಅದರ ಮೇಲೆ 10ರಿಂದ 12 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆಯನ್ನು ಒಂದೇ ತುಂಡಾಗಿ ಹಾಸಬೇಕು. ಥರ್ಮಾಕೋಲ್ ಸಣ್ಣ ಉಬ್ಬುತಗ್ಗುಗಳನ್ನು ನುಂಗುತ್ತದೆಯೇ ಹೊರತು ತಿರುಚಿದ ಸ್ಟ್ಯಾಂಡನ್ನು ನೆಟ್ಟಗೆ ಮಾಡುವುದಿಲ್ಲ. ಈ ಕ್ರಮ ತಳದ ಗಾಜು ಚಪ್ಪಟೆಯಾಗಿ ಕೂರುವ ತೊಟ್ಟಿಗಳಿಗೆ ಮಾತ್ರ. ಸುತ್ತಲೂ ಪ್ಲಾಸ್ಟಿಕ್ ಚೌಕಟ್ಟಿದ್ದು, ತಳದ ಗಾಜು ಅದರೊಳಗೆ ತುಸು ಮೇಲೆ ನಿಂತಿರುವ ತೊಟ್ಟಿಗೆ ಥರ್ಮಾಕೋಲ್ ಹಾಕಬೇಡಿ: ಚೌಕಟ್ಟು ಅದರಲ್ಲಿ ಹುದುಗಿದಾಗ ಹಾಳೆ ನಡುಗಾಜನ್ನು ಕೆಳಗಿನಿಂದ ಒತ್ತುತ್ತದೆ. ಅಂಥ ತೊಟ್ಟಿಯ ಅಂಚಿನ ಸುತ್ತ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ಎಲ್ಲಿಯೂ ಒಳಹೋಗಬಾರದು.

ಜಾಗದ ಬಗ್ಗೆ ಒಂದೆರಡು ಮಾತು. ಗ್ಯಾಲರಿ (ಬಾಲ್ಕನಿ) ಬೇಡ, ನೀರು ಹರಿದುಹೋಗಲೆಂದು ಅಲ್ಲಿನ ನೆಲವನ್ನು ಬೇಕೆಂದೇ ಇಳಿಜಾರಾಗಿ ಮಾಡಿರುತ್ತಾರೆ. ವಾಸದ ಕೋಣೆಯ ನೆಲಕ್ಕೆ ಐಎಸ್ 875, ಅಂದರೆ ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನಕ, ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಈ ತೊಟ್ಟಿ ಅರ್ಧ ಚದರ ಮೀಟರಿಗೂ ಕಡಿಮೆ ಜಾಗದಲ್ಲಿ 240 ಕಿಲೋ ಹೇರುತ್ತದೆ. ಹಾಗೆಂದು ಗಾಬರಿ ಬೇಡ, ಸ್ಲ್ಯಾಬು ಆ ಭಾರವನ್ನು ಸುತ್ತಲೂ ಹಂಚುತ್ತದೆ. ಆದರೂ ತೊಟ್ಟಿಯನ್ನು ಕೋಣೆಯ ನಡುವೆ ಇಡದೆ, ಬೀಮ್ ಹಾದುಹೋಗುವ ಗೋಡೆಯ ಉದ್ದಕ್ಕೆ ಇಡುವುದು ಲೇಸು. ಹಳೆಯ ಚಾಳಿನ (ವಠಾರದ) ಮರದ ಅಟ್ಟದ ಮೇಲೆ, ಅಥವಾ 30 ವರ್ಷ ದಾಟಿ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಬಲದ ತಪಾಸಣೆ) ಆಗಬೇಕಾದ ಕಟ್ಟಡದಲ್ಲಿ, ಇಂಜಿನಿಯರನ್ನು ಕೇಳದೆ ಈ ಗಾತ್ರಕ್ಕೆ ಕೈಹಾಕಬೇಡಿ.

ನೀರನ್ನು ಒಂದೇ ಸಲ ತುಂಬಬಾರದು. ಮೂರನೆಯ ಒಂದು ಭಾಗ ತುಂಬಿ, ಹಲಗೆಯ ಮೇಲ್ಮೈಯಿಂದ ನೀರಿನ ಗೆರೆಯವರೆಗೆ ನಾಲ್ಕೂ ಮೂಲೆಗಳಲ್ಲಿ ಅಳೆದು, ಗಾಜಿನ ಮೇಲೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಬರೆದಿಡಿ. ನಿಂತ ನೀರಿಗಿಂತ ನಿಖರವಾದ ರಸಮಟ್ಟವಿಲ್ಲ. ಮಾರನೆಯ ದಿನ ಮತ್ತೆ ಅಳೆಯಿರಿ. ಅಳತೆ ಬದಲಾಗದಿದ್ದರೆ ಮುಕ್ಕಾಲು ತುಂಬಿ ಇನ್ನೊಂದು ದಿನ ಬಿಟ್ಟು, ಆಮೇಲೆ ಪೂರ್ತಿ ಮಾಡಿ. ಒಂದು ಮೂಲೆಯಲ್ಲಿ ಮಾತ್ರ ಗೆರೆ ಮೇಲೇರಿದ್ದರೆ ಕಾಲಿಗೆ ಬೆಣೆ ಹೊಡೆಯಲು ಹೋಗದೆ, ಪೈಪು ಹಾಕಿ ನೀರನ್ನು ಪೂರ್ತಿ ಮೋರಿಗೆ ಬಿಟ್ಟು, ತೊಟ್ಟಿಯನ್ನು ಕೆಳಗಿಳಿಸಿ, ಎರಡು ದಾರಗಳಿಂದ ಮತ್ತೆ ಶುರುಮಾಡಿ.